260 ರೂಪಾಯಿಯ ಗಡಿಗಿ: ಎರಡು ತಿಂಗಳು ಬಳಸಿದ ಮೇಲೆ

ಏಪ್ರಿಲ್ ಮೊದಲ ವಾರ ನಮ್ಮ ಫ್ರಿಜ್ ಗುರ್ರೆಂದು ಒಮ್ಮೆ ನಡುಗಿ ಸುಮ್ಮನಾಯಿತು. ರಿಪೇರಿಯವ "ನಾಳಿ ಬರ್ತೀನ್ರಿ ಅಕ್ಕೋರ" ಅಂತ ಒಂಬತ್ತು ದಿನ ಹೇಳಿದ. ರಾಯಚೂರಿನ ಬಿಸಿಲು ಕಂಡವರಿಗೆ ಆ ಒಂಬತ್ತು ದಿನ ಹೇಗಿದ್ದವೆಂದು ಬಿಡಿಸಿ ಹೇಳಬೇಕಿಲ್ಲ. ಅತ್ತ ಕೃಷ್ಣೆ, ಇತ್ತ ತುಂಗಭದ್ರೆ, ನಡುವೆ ಬಾಯಿ ಒಣಗಿಸಿಕೊಂಡು ಕೂತ ನಾವು. ಕೋಟೆ ಗುಡ್ಡದ ಬಂಡೆ ರಾತ್ರಿ ಎಂಟಕ್ಕೂ ಹಂಚಿನ ಹಾಗೆ ಕಾವು ಬಿಡುತ್ತಿರುತ್ತದೆ. ನಾಲ್ಕನೇ ದಿನ ತೀನ್ ಕಂದೀಲ್ ಕಡೆ ಕಾಯಿಪಲ್ಲೆ ತರಲು ಹೋದವಳು ರಸ್ತೆ ಬದಿಯ ಗಡಿಗಿಗಳ ಮುಂದೆ ನಿಂತುಬಿಟ್ಟೆ.

ಕೆಂಪು, ಕರಿ ಎರಡೂ ಇದ್ದವು. ಮಣ್ಣು ಒಂದೇ, ಸುಡುವ ರೀತಿ ಬೇರೆ. ಗಡಿಗಿ ಸುಡುವ ಕುಂಬಾರರ ಆವಿಗೆಯ ಬಾಯಿ ಮುಚ್ಚಿ ಹೊಗೆ ಒಳಗೇ ಉಳಿಸಿದರೆ ಕರಿ ಆಗುತ್ತದೆ. ನಾನು ಕೆಂಪನ್ನು ಆರಿಸಿದೆ, ಹನ್ನೆರಡು ಲೀಟರಿನದು, ನಳ ಕೂಡಿಸಿದ್ದು. ಮಾರುವಾಕೆ ಬೆರಳ ಗೆಣ್ಣಿನಿಂದ ಠಣ್ ಠಣ್ ಬಡಿದು, "ಕೇಳ್ರಿ ಯವ್ವಾ, ಕಂಚಿನಂಗ ಮಾತಾಡ್ತದ. ಸೀಳಿದ್ದಿದ್ರ ಬದ್ ಅಂತಿತ್ತು" ಅಂದಳು. 300 ಹೇಳಿದ್ದು 260ಕ್ಕೆ ಇಳಿಯಿತು. ಆಟೋದಲ್ಲಿ ಹಸುಗೂಸಿನ ಹಾಗೆ ತೊಡೆ ಮೇಲೆ ಇಟ್ಟುಕೊಂಡು ಬಂದೆ. ಹೊರಡುವಾಗ ಆಕೆ ಹೇಳಿದ್ದು: "ಮೂರು ದಿನ ನೀರು ತುಂಬಿ ಚೆಲ್ರಿ. ನಾಕನೇ ದಿನ ಕುಡೀರಿ. ಅವಸರ ಮಾಡಬ್ಯಾಡ್ರಿ."

ಅವಸರ ಮಾಡಿದೆ. ಎರಡನೇ ದಿನವೇ ಕುಡಿದೆ, ಬಾಯಿ ತುಂಬ ಕೆರೆ ಮಣ್ಣು. ನಮ್ಮ ಮನೆಯವರು ಒಂದು ಗುಟುಕು ಕುಡಿದು ಏನೂ ಮಾತಾಡದೆ ಅಂಗಡಿಯ ಬಾಟಲಿ ತರಲು ಚಪ್ಪಲಿ ಮೆಟ್ಟಿದರು.

ನಾಲ್ಕನೇ ದಿನ ಮಧ್ಯಾಹ್ನ ಮೂರೂವರೆಗೆ ಕರೆಂಟ್ ಹೋಗಿತ್ತು, ಫ್ಯಾನ್ ನಿಂತಿತ್ತು. ತಂಬಿಗೆಗೆ ಬಿಟ್ಟುಕೊಂಡು ಪಡಸಾಲೆಯ ಕಟ್ಟೆ ಮೇಲೆ ಕೂತೆ. ಫ್ರಿಜ್ಜಿನ ನೀರು ಹಲ್ಲಿಗೆ ಚಳ್ ಅನಿಸಿ ಗಂಟಲು ದಾಟಿಬಿಡುತ್ತದೆ, ಕುಡಿದದ್ದೇ ಗೊತ್ತಾಗುವುದಿಲ್ಲ. ಈ ನೀರು ನಾಲಿಗೆಯ ಮೇಲೆ ತುಸು ಹೊತ್ತು ನಿಂತಿತು. ಮಳೆ ಬಿದ್ದ ಅಂಗಳದ ವಾಸನೆಯ ಎಳೆಯೊಂದು, ಅಷ್ಟೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ, ನೀರಿಗೆ ಬಣ್ಣ ವಾಸನೆ ರುಚಿ ಇಲ್ಲ ಅಂತ ನೂರಾರು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಆ ಮಕ್ಕಳೆಲ್ಲ ಕ್ಷಮಿಸಬೇಕು.

ಹಳೇ ಚಟ, ಥರ್ಮಾಮೀಟರ್ ತೆಗೆದೆ. ಪಡಸಾಲೆಯ ನೆರಳಲ್ಲಿ 39 ಡಿಗ್ರಿ, ಸ್ಟೀಲ್ ಕೊಡದ ನೀರು 36, ಗಡಿಗಿಯದು 27. ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಒಂದು ಗ್ರಾಂ ಆವಿಗೆ ಸುಮಾರು 580 ಕ್ಯಾಲೊರಿ. ಲೆಕ್ಕ ಹಾಕಿದರೆ ಹನ್ನೆರಡು ಲೀಟರ್ ನೀರನ್ನು ಹತ್ತು ಡಿಗ್ರಿ ಇಳಿಸಲು 200 ಗ್ರಾಂ ಚಿಲ್ಲರೆ ನೀರು ಗಾಳಿಗೆ ಹೋದರೆ ಸಾಕು. ಹೊರಗಿನ ಸೆಕೆ ಮತ್ತೆ ಒಳಗೆ ನುಗ್ಗುವುದರಿಂದ ನಿಜದಲ್ಲಿ ಇನ್ನಷ್ಟು ಬೇಕು, ಆದರೂ ಒಂದೆರಡು ಲೋಟದ ಮಾತು. ನಮ್ಮೂರಿನ ಒಣ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಮಂಗಳೂರಿನ ಜಿಗುಟು ಸೆಕೆಯಲ್ಲಿ ಇದೇ ಗಡಿಗಿ ಇಷ್ಟು ತಂಪು ಮಾಡಲಾರದು. ನಮ್ಮ ಬಿಸಿಲಿಗೆ ಇದೊಂದು ಹೆಚ್ಚುಗಾರಿಕೆ ಇದೆಯಲ್ಲ ಅಂತ ಖುಷಿಯಾಯಿತು.

ರಜೆಗೆ ಬಂದ ಮೊಮ್ಮಗಳು ಮೊದಲ ದಿನ ಓಡಿಬಂದು, "ಅಜ್ಜಿ, ಗಡಿಗಿ ಬೆವರ್ತದ!" ಅಂದಳು. ಆಮೇಲೆ ಮಧ್ಯಾಹ್ನವೆಲ್ಲ ಅದಕ್ಕೆ ಕೆನ್ನೆ ಆನಿಸಿ ಕೂರುವುದೇ ಕೆಲಸ. ಒಂದು ಕೆನ್ನೆ ತಂಪಾದರೆ ಇನ್ನೊಂದು. ಅವಳು ಎದ್ದು ಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾನೂ ಆನಿಸಿ ನೋಡಿದೆ. ಅರವತ್ತೆರಡನೇ ವಯಸ್ಸಿಗೆ ಸೊಂಟ ಬಗ್ಗಿಸಿ ಗಡಿಗಿಗೆ ಮುಖ ಒತ್ತುವುದು ಸುಲಭವಲ್ಲ, ಆದರೆ ಬರೆಯದೇ ಇರಲಾರೆ: ಈ ಬ್ಯಾಸಗಿಯಲ್ಲಿ ಅದಕ್ಕಿಂತ ಸುಖದ ಐದು ನಿಮಿಷ ನನಗೆ ಸಿಕ್ಕಿಲ್ಲ.

ಇನ್ನು ತಕರಾರು. ನಳ ಸೋರುತ್ತದೆ. ಮಣ್ಣಿಗೆ ಕೊರೆದ ತೂತಿಗೆ ಪ್ಲಾಸ್ಟಿಕ್ ನಳ ಕೂಡಿಸಿ ಸಿಮೆಂಟ್ ಮೆತ್ತಿದ್ದಾರೆ, ಮೂರನೇ ವಾರಕ್ಕೆ ಬಿರುಕು. ನಮ್ಮ ಮನೆಯವರು ಟೇಪು ಸುತ್ತಿದರು, ಮೇಣ ಒತ್ತಿದರು, ಈಗ ಕೆಳಗೊಂದು ತಾಟು ಇಟ್ಟು ಕೈ ತೊಳೆದುಕೊಂಡಿದ್ದಾರೆ. ನಳ ಇಲ್ಲದ್ದನ್ನು ತಗೊಂಡು ಉದ್ದ ಹಿಡಿಕೆಯ ಸೌಟು ಇಟ್ಟುಕೊಳ್ಳುವುದೇ ಮೇಲು. ಸೋಪು ಮುಟ್ಟಿಸಬೇಡಿ, ಮಣ್ಣು ಅದನ್ನು ಕುಡಿದು ನಿಮಗೇ ವಾಪಸು ಕುಡಿಸುತ್ತದೆ. ತೆಂಗಿನ ನಾರು ಸಾಕು. ಬೋರಿನ ಸವುಳು ನೀರು ಹಾಕಿದರೆ ಹೊರಗೆ ಬಿಳಿ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ, ಬೆವರು ನಿಂತರೆ ತಂಪೂ ನಿಂತಿತು.

ಫ್ರಿಜ್ ಹತ್ತನೇ ದಿನ ರಿಪೇರಿ ಆಯಿತು. ಅದರಲ್ಲೀಗ ಹಾಲು, ಮೊಸರು, ದೋಸೆ ಹಿಟ್ಟು ಮಾತ್ರ. ನೀರಿನ ಬಾಟಲಿ ಇಡುವ ಜಾಗದಲ್ಲಿ ನಮ್ಮ ಮನೆಯವರು ಕಣ್ಣಿನ ಔಷಧಿ ಇಟ್ಟಿದ್ದಾರೆ. ನಾಲ್ಕು ಗಂಟೆಗೆ ನಾನು ಕರೆಯುವ ಮುಂಚೆಯೇ ತಂಬಿಗೆ ಹಿಡಿದು ಕಟ್ಟೆ ಮೇಲೆ ಕೂತಿರುತ್ತಾರೆ.

ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದು ನಳಕ್ಕೆ ಕಡಿತ. ಮೊನ್ನೆ ಮೊದಲ ಮಳೆ ಬಿತ್ತು. ಗಾಳಿ ಹಸಿಯಾಗಿ ಗಡಿಗಿ ಬೆವರುವುದು ಕಡಿಮೆಯಾಗಿದೆ, ನೀರೂ ಮೊದಲಿನಷ್ಟು ತಂಪಿಲ್ಲ. ತಗೊಳ್ಳುವವರು ಮುಂದಿನ ಯುಗಾದಿಗೆ ಮೊದಲೇ ಹೋಗಿ. ಮೇ ಹೊತ್ತಿಗೆ ಉಳಿದಿರುವವು ಬಹುಪಾಲು ಬದ್ ಅನ್ನುವವೇ.