ಹಳೆಯ ಮಾರುತಿ 800ರ ಸಡಿಲ ಗೇರ್ ಲಿವರ್‌ಗೆ ಬುಷ್ ಕಿಟ್: ದೀರ್ಘಕಾಲದ ಬಳಕೆಯ ನಂತರ

ಸಡಿಲಗೊಂಡ ಗೇರ್ ಲಿವರ್‌ಗೆಂದು ಬಿಡಿಭಾಗದ ಅಂಗಡಿಗಳಲ್ಲಿ ಮಾರುವ ಬುಷ್ ಕಿಟ್ (ಕೀಲುಗಳೊಳಗೆ ಕೂರುವ ಬಳೆಯಂಥ ಭಾಗಗಳ ಕಟ್ಟು) ಕೊಳ್ಳಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಕೊಳ್ಳಿ, ಆದರೆ ಅದರಲ್ಲಿರುವುದೆಲ್ಲವನ್ನೂ ಕಾರಿಗೆ ಹಾಕಬೇಡಿ. ನಾಲ್ಕು ಗೇರಿನ, ಕಾರ್ಬ್ಯುರೇಟರ್ ಕಾಲದ ಮಾರುತಿ 800 ಒಂದರಲ್ಲಿ ಈ ಕಿಟ್ ಹಲವು ಮಳೆಗಾಲಗಳನ್ನು ಕಂಡಿದೆ. ತೀರ್ಥಹಳ್ಳಿ ಸುತ್ತಿನ ಕೆಸರು ರಸ್ತೆಗಳಲ್ಲೂ ಆಗುಂಬೆ ಘಾಟಿಯ ತಿರುವುಗಳಲ್ಲೂ ಓಡಿದ ಕಾರು ಅದು. ಆದ್ದರಿಂದ ಹೊಸದರಲ್ಲಿ ಹೇಗಿತ್ತು ಎನ್ನುವುದಕ್ಕಿಂತ ಹಳೆಯದಾದ ಮೇಲೆ ಹೇಗಿದೆ ಎನ್ನುವುದನ್ನೇ ಇಲ್ಲಿ ಹೆಚ್ಚಾಗಿ ಬರೆಯುತ್ತಿದ್ದೇನೆ.

ಮೊದಲು ಯಂತ್ರದ ವಿಚಾರ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಆರಂಭದವರೆಗೆ ತಯಾರಾದ ಈ ಕಾರಿನಲ್ಲಿ 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಮುಂಭಾಗದಲ್ಲಿ ಅಡ್ಡಲಾಗಿ ಕೂತಿದೆ. ಗೇರ್‌ಬಾಕ್ಸ್ ಅದರ ಪಕ್ಕಕ್ಕೇ ಸೇರಿಕೊಂಡಿದೆ. ಲಿವರ್ ಮಾತ್ರ ಎರಡು ಆಸನಗಳ ನಡುವೆ ಇರುವುದರಿಂದ ಇವೆರಡನ್ನೂ ಜೋಡಿಸಲು ನೆಲದಡಿಯಲ್ಲಿ ಎರಡು ಸರಳುಗಳು ಹಾದುಹೋಗುತ್ತವೆ. ಒಂದು ಗೇರ್ ರಾಡ್. ಲಿವರನ್ನು ಮುಂದೆ ಹಿಂದೆ ದೂಡಿದಾಗ ಅದು ಜಾರುತ್ತದೆ, ಎಡಕ್ಕೆ ಬಲಕ್ಕೆ ತಳ್ಳಿದಾಗ ತಿರುಗುತ್ತದೆ. ಇನ್ನೊಂದು ಎಕ್ಸ್‌ಟೆನ್ಷನ್ ರಾಡ್. ಅದು ಗೇರ್ ಬದಲಿಸುವುದಿಲ್ಲ, ಲಿವರಿನ ಬುಡವನ್ನು ಗೇರ್‌ಬಾಕ್ಸ್‌ಗೆ ಕಟ್ಟಿ ಹಿಡಿಯುತ್ತದೆ, ಎಂಜಿನ್ ಅಲುಗಿದಾಗ ಲಿವರಿನ ಬುಡವೂ ಅದರೊಂದಿಗೆ ಅಲುಗುವಂತೆ ನೋಡಿಕೊಳ್ಳುತ್ತದೆ. ಈ ಸರಳುಗಳ ಕೀಲುಗಳಲ್ಲಿರುವ ರಬ್ಬರ್ ಮತ್ತು ಪ್ಲಾಸ್ಟಿಕ್ ಬುಷ್‌ಗಳು ಕಾಲಕ್ರಮದಲ್ಲಿ ಸವೆಯುವುದು ಸಹಜ. ಹತ್ತಿರದ ಸೈಲೆನ್ಸರ್ ಕೊಳವೆಯ ಬಿಸಿ, ಚಕ್ರ ಎರಚುವ ಕೆಸರು, ವರ್ಷಗಟ್ಟಲೆ ಕಾಣದ ಗ್ರೀಸ್, ಇವೆಲ್ಲ ಸೇರಿದರೆ ಯಾವ ರಬ್ಬರೂ ಉಳಿಯುವುದಿಲ್ಲ. ಆಮೇಲೆ ಲಿವರ್ ಗಂಜಿಯಲ್ಲಿ ನೆಟ್ಟ ಸೌಟಿನಂತೆ ಎತ್ತ ಬೇಕಾದರೂ ವಾಲುತ್ತದೆ, ಎರಡನೇ ಗೇರ್ ಎಂದುಕೊಂಡು ಎಳೆದದ್ದು ನಾಲ್ಕಕ್ಕೆ ಬೀಳುತ್ತದೆ.

ಕಿಟ್ ಕೊಳ್ಳುವ ಮೊದಲು ರೋಗ ಇದೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ, ಏಕೆಂದರೆ ಗೇರ್ ಬೀಳುವುದರ ಎಲ್ಲ ತೊಂದರೆಗಳನ್ನೂ ಬುಷ್‌ನ ತಲೆಗೆ ಕಟ್ಟುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ. ಎಂಜಿನ್ ನಿಲ್ಲಿಸಿ ಒಂದು ಗೇರಿನಲ್ಲಿಟ್ಟು ಲಿವರನ್ನು ಅಲುಗಿಸಬೇಕು, ಕಾರನ್ನು ಭದ್ರವಾಗಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಇನ್ನೊಬ್ಬರು ಕೆಳಗಿನಿಂದ ನೋಡಬೇಕು. ಲಿವರ್ ಅಲುಗಿದರೂ ಗೇರ್‌ಬಾಕ್ಸ್ ಕಡೆಯ ತುದಿ ಕದಲದಿದ್ದರೆ ಆಟ, ಅಂದರೆ ಸಡಿಲ, ಇರುವುದು ನಡುವಿನ ಕೀಲಿನಲ್ಲಿ. ಅದಕ್ಕೆ ಬುಷ್ ಮದ್ದು. ಎಂಜಿನ್ ಓಡುವಾಗ ಗೇರ್ ಬೀಳದೆ, ನಿಲ್ಲಿಸಿದಾಗ ಸಲೀಸಾಗಿ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಒಂದೇ ಗೇರಿಗೆ ಬದಲಿಸುವಾಗ ಮಾತ್ರ ಕರಕರ ಎಂದರೆ ಸಂಶಯ ಸಿಂಕ್ರೊಮೆಷ್ ಮೇಲೆ, ಅಂದರೆ ಗೇರುಗಳ ವೇಗ ಹೊಂದಿಸಿ ಸೇರಿಸುವ ಭಾಗದ ಮೇಲೆ. ಆಕ್ಸಿಲರೇಟರ್ ಒತ್ತಿ ಬಿಟ್ಟಾಗಲೆಲ್ಲ ಲಿವರ್ ಜೋರಾಗಿ ಹಿಂದೆ ಮುಂದೆ ಓಲಾಡಿದರೆ ಎಂಜಿನ್ ಮೌಂಟಿಂಗ್ (ಎಂಜಿನನ್ನು ಕಾರಿನ ಮೈಗೆ ಹಿಡಿದಿಡುವ ರಬ್ಬರ್ ಆಧಾರ) ನೋಡಿಸಿ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗೆ ಸಿಕ್ಕ ಈ ಕಿಟ್‌ನಲ್ಲಿ ಲಿವರಿನ ಬುಡದ ಗೋಲಾಕಾರದ ತುದಿಗೆ ಕೂರುವ ನೈಲಾನ್ ಬಟ್ಟಲು, ಗೇರ್ ರಾಡಿನ ಕೀಲಿಗೆ ಗಟ್ಟಿ ಪಾಲಿಯುರಿಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಬುಷ್‌ಗಳು, ಅವುಗಳೊಳಗೆ ಕೂರುವ ಉಕ್ಕಿನ ಸ್ಲೀವ್ (ಸಣ್ಣ ಕೊಳವೆ), ಎಕ್ಸ್‌ಟೆನ್ಷನ್ ರಾಡಿಗೂ ಅದೇ ಪಾಲಿಯುರಿಥೇನ್ ಬುಷ್, ಜೊತೆಗೆ ಧೂಳುಕವಚ ಇದ್ದವು. ಬೋಲ್ಟ್ ಇರಲಿಲ್ಲ. ಇದು ನನಗೆ ಕಂಡ ಮೊದಲ ಕೊರತೆ, ಏಕೆಂದರೆ ಬುಷ್ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಕಾರಿನಲ್ಲಿ ಬೋಲ್ಟಿನ ಮೈಯೂ ತೇದಿರುತ್ತದೆ. ತೇದ ಬೋಲ್ಟಿಗೆ ಹೊಸ ಬುಷ್ ತೊಡಿಸಿದರೆ ಅರ್ಧ ಸಡಿಲ ಹಾಗೇ ಉಳಿಯುತ್ತದೆ. ಬೋಲ್ಟನ್ನು ಬೇರೆಯಾಗಿ ಕೊಂಡುಕೊಳ್ಳಿ. ರಾಡಿನ ರಂಧ್ರವೇ ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಕಿಟ್ ವ್ಯರ್ಥ, ರಾಡನ್ನೇ ಬದಲಿಸಬೇಕು.

ಜೋಡಣೆಯಲ್ಲಿ ಹೇಳಬೇಕಾದದ್ದು ಒಂದೇ. ಉಕ್ಕಿನ ಸ್ಲೀವ್ ಬುಷ್‌ಗಿಂತ ಕೂದಲೆಳೆಯಷ್ಟು ಉದ್ದವಿರಬೇಕು. ಆಗ ಬೋಲ್ಟ್ ಬಿಗಿಯುವಾಗ ಹಿಡಿತ ಸ್ಲೀವ್ ಮೇಲೆ ಬಿದ್ದು ಬುಷ್ ಸ್ವತಂತ್ರವಾಗಿ ತಿರುಗುತ್ತದೆ. ಸ್ಲೀವ್ ಗಿಡ್ಡವಾಗಿದ್ದರೆ ಬುಷ್ ಹಿಂಡಿಹೋಗಿ ಲಿವರ್ ಕಲ್ಲಿನಂತೆ ಬಿಗಿಯಾಗುತ್ತದೆ. ಈ ಕಿಟ್‌ನ ಬುಷ್‌ಗಳನ್ನು ಮರಳುಕಾಗದದಲ್ಲಿ ಸ್ವಲ್ಪ ತೇಯಬೇಕಾಯಿತು, ಅಂದರೆ ತಯಾರಿಕೆಯ ಅಳತೆ ಅಷ್ಟೇನೂ ನಿಖರವಾಗಿಲ್ಲ. ಉಳಿದದ್ದು ತುಕ್ಕು ಹಿಡಿದ ನಟ್ಟಿನೊಡನೆ ಹೋರಾಟ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡುವುದು ಒಳ್ಳೆಯದು, ಸೈಲೆನ್ಸರ್ ಪೂರ್ತಿ ತಣ್ಣಗಾಗದೆ ಕೆಳಗೆ ಕೈಹಾಕದಿರುವುದು ಇನ್ನೂ ಒಳ್ಳೆಯದು.

ಫಲಿತಾಂಶ ಆ ದಿನವೇ ತಿಳಿಯಿತು. ಲಿವರ್ ನ್ಯೂಟ್ರಲ್‌ನಲ್ಲಿ ಒಂದೆಡೆ ನಿಲ್ಲತೊಡಗಿತು, ಪ್ರತಿ ಗೇರ್ ತನ್ನ ಜಾಗವನ್ನು ಕೈಗೆ ಹೇಳತೊಡಗಿತು. ಘಾಟಿಯ ತಿರುವಿನಲ್ಲಿ ಎರಡರಿಂದ ಒಂದಕ್ಕೆ ಇಳಿಸುವಾಗ ಹುಡುಕಾಟವಿಲ್ಲದಿರುವುದು ಸುಖದ ಮಾತಷ್ಟೇ ಅಲ್ಲ, ಸುರಕ್ಷತೆಯ ಮಾತೂ ಹೌದು. ಗೇರ್ ಅರ್ಧಂಬರ್ಧ ಬೀಳುವುದು ತಪ್ಪಿದರೆ ಒಳಗಿನ ಹಲ್ಲುಗಳ ಸವೆತವೂ ತಗ್ಗುತ್ತದೆ.

ಆದರೆ ಅದೇ ದಿನ ಇನ್ನೊಂದು ಸಂಗತಿಯೂ ತಿಳಿಯಿತು. ಮೂರು ಸಿಲಿಂಡರಿನ ಎಂಜಿನ್ ಐಡ್ಲಿಂಗ್‌ನಲ್ಲಿ ಸಹಜವಾಗಿಯೇ ನಡುಗುತ್ತದೆ. ಎಕ್ಸ್‌ಟೆನ್ಷನ್ ರಾಡಿನಲ್ಲಿ ಮೂಲ ತಯಾರಕರು ಮೆತ್ತನೆಯ ರಬ್ಬರ್ ಇಟ್ಟಿರುವುದು ಆ ನಡುಕ ಒಳಗೆ ಬರದಿರಲೆಂದೇ. ಅಲ್ಲಿ ಗಟ್ಟಿ ಪಾಲಿಯುರಿಥೇನ್ ಕೂರಿಸಿದಾಗ ಸಿಗ್ನಲ್‌ನಲ್ಲಿ ನಿಂತ ಕಾರಿನ ಲಿವರ್ ಜುಮ್ಮೆನ್ನುತ್ತಿತ್ತು, ನೆಲದ ತಗಡು ಗುಂಯ್ಗುಡುತ್ತಿತ್ತು. ಕೆಲವೇ ವಾರಗಳಲ್ಲಿ ಅದನ್ನು ತೆಗೆಸಿ ಮೂಲ ಮಾದರಿಯ ಹೊಸ ರಬ್ಬರ್ ಹಾಕಿಸಿದೆ. ಗದ್ದಲ ಹೋಯಿತು, ಲಿವರಿನ ಬಿಗಿತದಲ್ಲಿ ಹೇಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಗಟ್ಟಿಯಾದಷ್ಟೂ ಒಳ್ಳೆಯದು ಎಂದು ಕಿಟ್ ಮಾರುವವರು ಹೇಳುವುದು ಕೀಲಿನ ಮಟ್ಟಿಗೆ ಸರಿ, ಎಕ್ಸ್‌ಟೆನ್ಷನ್ ರಾಡಿಗೆ ಸಲ್ಲದು.

ಬಾಳಿಕೆಯ ವಿಷಯದಲ್ಲಿ ಕೀಲಿನ ಬುಷ್‌ಗಳಿಗೆ ಪೂರ್ಣ ಅಂಕ. ಇತ್ತೀಚೆಗೆ ಬಿಚ್ಚಿ ನೋಡಿದಾಗಲೂ ಅವುಗಳಲ್ಲಿ ಬಿರುಕಾಗಲಿ ಆಟವಾಗಲಿ ಕಾಣಲಿಲ್ಲ. ನೈಲಾನ್ ಬಟ್ಟಲು ತುಸು ತೇದಿದೆ, ಇನ್ನೂ ಕೆಲಸಕ್ಕೆ ಬರುತ್ತದೆ. ಧೂಳುಕವಚ ಮಾತ್ರ ಕಳಪೆ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೇ ಮಡಿಕೆಗಳಲ್ಲಿ ಸೀಳಿತ್ತು. ಒಳಹೊಕ್ಕ ಮಣ್ಣು ಗ್ರೀಸಿನೊಡನೆ ಬೆರೆತರೆ ಸಾಣೆಯ ಹಿಟ್ಟಿನ ಕೆಲಸ ಮಾಡುತ್ತದೆ, ಆದ್ದರಿಂದ ಕವಚವನ್ನೂ ಬೇರೆಯೇ ಕೊಂಡದ್ದಾಯಿತು. ಗ್ರೀಸ್ ಹಚ್ಚುವಾಗ ಸಿಲಿಕೋನ್ ಗ್ರೀಸನ್ನೇ ಬಳಸಿ. ಚಕ್ರದ ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಹೊರಟವರು ಮೌಂಟಿಂಗ್, ಕ್ಲಚ್ ಕೇಬಲ್ ಮತ್ತು ಈ ಬುಷ್‌ಗಳನ್ನು ಒಂದೇ ಸಲ ನೋಡಿಸಿದರೆ ಕೂಲಿ ಉಳಿಯುತ್ತದೆ. ಅಂಗಡಿಗೆ ಹೋಗುವಾಗ ಬಿಚ್ಚಿದ ಹಳೆಯ ಬುಷ್ ಮತ್ತು ಬೋಲ್ಟ್ ಜೇಬಿನಲ್ಲಿರಲಿ. ನಾಲ್ಕು ಗೇರಿನ ಕಾರೋ ಐದು ಗೇರಿನದೋ ಎಂಬುದನ್ನೂ ಮೊದಲೇ ಹೇಳಿ, ಅಳತೆ ತಾಳೆ ನೋಡಿಯೇ ಹಣ ಕೊಡಿ.