ಚರ್ಮವೋ ಸ್ನಾಯುವೋ: ಇಳಿದ ರೆಪ್ಪೆಗೆ ನಾನು ಮಾಡಿ ನೋಡಿದ್ದು

ತಾಳಮದ್ದಳೆಗೆ ಹೋದರೆ ಪಕ್ಕದಲ್ಲಿ ಕೂತವರು ಮೊಣಕೈಯಲ್ಲಿ ತಿವಿಯುತ್ತಿದ್ದರು. "ಹೆಗಡೇರೆ, ನಿದ್ದೆಯಾ?" ನಿದ್ದೆ ಎಲ್ಲಿಂದ ಬರಬೇಕು? ಅರ್ಥಧಾರಿಗಳ ಮಾತು ಅಷ್ಟೂ ಕಿವಿಗೆ ಬೀಳುತ್ತಿತ್ತು. ರೆಪ್ಪೆ ಮಾತ್ರ ಅರ್ಧಕ್ಕೆ ಇಳಿದಿರುತ್ತಿತ್ತು.

ಅಲ್ಲಿ ನಕ್ಕು ಸುಮ್ಮನಾಗುತ್ತಿದ್ದೆ. ತೋಟದಲ್ಲಿ ಹಾಗಾಗುವುದಿಲ್ಲ. ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟ. ಆಷಾಢದ ಮಳೆಯಲ್ಲಿ ಕೊಳೆ ರೋಗ ಬಂತಾ ಅಂತ ದಿನಾ ತಲೆ ಎತ್ತಿ ಅಡಿಕೆ ಗೊನೆ ನೋಡಬೇಕು. ಕತ್ತು ಪೂರ್ತಿ ಹಿಂದಕ್ಕೆ ಬಗ್ಗಿಸಿದರೂ ನನಗೆ ಅರ್ಧ ಮರವಷ್ಟೇ ಕಾಣುತ್ತಿತ್ತು. ಬೆರಳಿನಲ್ಲಿ ರೆಪ್ಪೆ ಎತ್ತಿ ಹಿಡಿದು ನೋಡುವುದು ರೂಢಿಯಾಯಿತು. ಹುಬ್ಬು ಎತ್ತಿ ಎತ್ತಿ ಸಂಜೆ ಹೊತ್ತಿಗೆ ಹಣೆ ನೋವು. ಒಂದು ದಿನ ಔಷಧಿ ಹೊಡೆಯಲು ಮರ ಹತ್ತಿದ್ದ ಕೊನೆಗೌಡ ಮೇಲಿನಿಂದಲೇ ಕೂಗಿದ: "ಆಚೆ ಮರದ್ದು ಪೂರಾ ಉದುರ್ತಾ ಇದೆ, ನಿಮಗೆ ಕಾಣ್ಲಿಲ್ವಾ?" ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು ಅಂತಾಯಿತು.

ಅಲ್ಲಿಂದ ಮೂರು ವರ್ಷದಲ್ಲಿ ಟೇಪು, ಕನ್ನಡಕದ ತಂತಿ, ಹನಿ, ಎರಡು ಸಲ ಆಪರೇಷನ್, ಎಲ್ಲಾ ಆಯಿತು. ಮೊದಲೇ ಒಂದು ವಿಷಯ ಗೊತ್ತಿದ್ದಿದ್ದರೆ ಅದರಲ್ಲಿ ಒಂದು ಆಪರೇಷನ್ ಉಳಿಯುತ್ತಿತ್ತು. ನಾವು "ರೆಪ್ಪೆ ಭಾರ" ಅನ್ನುವುದು ಎರಡು ಬೇರೆ ಬೇರೆ ತೊಂದರೆ. ಮಳೆಗಾಲದಲ್ಲಿ ಜಗಲಿಗೆ ಕಟ್ಟುವ ತಾಡಪಾಲು ನೆನೆಸಿಕೊಳ್ಳಿ. ತಾಡಪಾಲು ಉದ್ದವಾಗಿದ್ದರೂ ಕೆಳಗೆ ಜೋಲುತ್ತದೆ, ಕಟ್ಟಿದ ಹಗ್ಗ ಸಡಿಲವಾದರೂ ಜೋಲುತ್ತದೆ. ರೆಪ್ಪೆಯೂ ಹಾಗೇ. ಕೆಲವರಿಗೆ ಮೇಲಿನ ಚರ್ಮ ಸಡಿಲವಾಗಿ ರೆಪ್ಪೆಗೂದಲಿನ ಮೇಲೆ ಮಡಿಕೆ ಬೀಳುತ್ತದೆ. ರೆಪ್ಪೆಯಂಚು ಇರಬೇಕಾದಲ್ಲೇ ಇರುತ್ತದೆ. ಇನ್ನು ಕೆಲವರಿಗೆ ರೆಪ್ಪೆ ಎತ್ತುವ ಸ್ನಾಯುವಿನ ಪಟ್ಟಿ ಹಿಗ್ಗಿ ಅಂಚೇ ಕೆಳಗಿಳಿದಿರುತ್ತದೆ. ಇದಕ್ಕೆ ಟೋಸಿಸ್ ಅನ್ನುತ್ತಾರೆ. ನನ್ನ ಬಲಗಣ್ಣಿಗೆ ಚರ್ಮದ ತೊಂದರೆ ಮಾತ್ರ. ಎಡಗಣ್ಣಿಗೆ ಎರಡೂ.

ಮೊದಲು ಟೇಪು. ರೆಪ್ಪೆಗೆ ಅಂಟಿಸುವ ಅರ್ಧಚಂದ್ರದ ತೆಳು ಪಟ್ಟಿ, ಆನ್‌ಲೈನಿನಲ್ಲಿ ಸಿಗುತ್ತದೆ. ಬಲಗಣ್ಣಿಗೆ ಚೆನ್ನಾಗಿ ಹಿಡಿಯಿತು. ಮಡಿಕೆ ಮೇಲೆ ಹೋಗಿ, ಕಾಣದಿದ್ದ ಗೋಡೆ ಗಡಿಯಾರ ಕತ್ತೆತ್ತದೆ ಕಂಡಿತು. ಎಡಗಣ್ಣಿಗೆ ಏನೂ ಆಗಲಿಲ್ಲ. ಅಂಚೇ ಇಳಿದಿರುವಾಗ ಮೇಲಿನ ಚರ್ಮ ಮಡಚಿ ಏನು ಪ್ರಯೋಜನ? ಅಲ್ಲೇ ಉತ್ತರ ಸಿಕ್ಕಿತ್ತು, ನನಗೆ ಹೊಳೆಯಲಿಲ್ಲ ಅಷ್ಟೇ. ಮಳೆಗಾಲದ ತೋಟದಲ್ಲಿ ಟೇಪು ಒಂದು ತಾಸೂ ನಿಲ್ಲುವುದಿಲ್ಲ. ಬೆವರು, ತೇವ, ಮೇಲಿಂದ ಕೊಳೆಗೆ ಹೊಡೆಯುವ ಬೋರ್ಡೋ ಔಷಧಿಯ ತುಂತುರು. ಬಿಗಿಯಾಗಿ ಅಂಟಿಸಿದರೆ ಕಣ್ಣು ಪೂರ್ತಿ ಮುಚ್ಚದೆ ಒಣಗಿ ಉರಿಯುತ್ತದೆ. ಮದುವೆ ಮನೆಗೆ, ಮೀಟಿಂಗಿಗೆ ಆದೀತು.

ಎರಡನೆಯದು ಕನ್ನಡಕದ ಫ್ರೇಮಿಗೆ ಒಳಗಡೆ ಕೂರಿಸುವ ತಂತಿ. ರೆಪ್ಪೆಗೆ ಊರುಗೋಲು ಕೊಟ್ಟ ಹಾಗೆ. ಎಲ್ಲಾ ಅಂಗಡಿಯವರೂ ಮಾಡಿಕೊಡುವುದಿಲ್ಲ. ನನಗೆ ಹುಬ್ಬಳ್ಳಿಯಲ್ಲಿ ಒಬ್ಬರು ಮೂರು ಸಲ ಬಗ್ಗಿಸಿ, ನೋಡಿ, ಸರಿ ಮಾಡಿಕೊಟ್ಟರು. ಎಡಗಣ್ಣು ನಿಜಕ್ಕೂ ತೆರೆಯಿತು. ಆಪರೇಷನ್ ಮಾಡಿಸಿಕೊಳ್ಳಲು ಆಗದವರಿಗೆ, ತೀರಾ ವಯಸ್ಸಾದವರಿಗೆ, ಇದು ಒಳ್ಳೆ ದಾರಿ ಅಂತ ಈಗಲೂ ಹೇಳುತ್ತೇನೆ. ಆದರೆ ಕಣ್ಣು ಮಿಟುಕಿಸುವುದು ಕಷ್ಟ, ಕೃತಕ ಕಣ್ಣೀರಿನ ಹನಿ ಜೇಬಿನಲ್ಲೇ ಇರಬೇಕು. ಎರಡು ತಾಸಿಗಿಂತ ಜಾಸ್ತಿ ನನ್ನಿಂದ ಆಗಲಿಲ್ಲ.

ಮೂರನೆಯ ದಾರಿಯನ್ನು ನಾನು ಅರ್ಧ ಮಾತ್ರ ತುಳಿದೆ. ಆಕ್ಸಿಮೆಟಜೊಲಿನ್ ಅನ್ನುವ ಔಷಧಿಯ 0.1% ಕಣ್ಣಿನ ಹನಿಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ. ದಿನಕ್ಕೊಂದು ಹನಿ. ರೆಪ್ಪೆಯೊಳಗಿನ ಮುಲ್ಲರ್ ಎಂಬ ಚಿಕ್ಕ ಸ್ನಾಯುವನ್ನು ಅದು ಬಿಗಿ ಮಾಡುತ್ತದೆ. ಅಲ್ಲಿರುವ ತಮ್ಮನ ಮಗ "ಕಳಿಸ್ತೇನೆ ದೊಡ್ಡಪ್ಪ" ಅಂದ. ಬಿಪಿ ಇರುವವನು ಡಾಕ್ಟರನ್ನು ಕೇಳದೆ ಹಾಕಿಕೊಳ್ಳಲಾರೆ, ಬೇಡ ಅಂದೆ. ಮೂಗು ಕಟ್ಟಿದಾಗ ಹಾಕುವ ಕೆಲವು ಹನಿಗಳಲ್ಲೂ ಇದೇ ಔಷಧಿ ಇರುತ್ತದೆ. ಹಾಗಂತ ಅದನ್ನು ಯಾರೂ ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಇನ್ನು, ಹನಿಯ ಕೆಲಸ ದಿನ ಕಳೆದರೆ ಮುಗಿಯಿತು. ಚರ್ಮದ ಮಡಿಕೆಗೆ ಅದರಿಂದ ಏನೂ ಇಲ್ಲ.

ಆಪರೇಷನ್ ವಿಷಯಕ್ಕೆ ಬರುತ್ತೇನೆ. ಮೊದಲ ಸಲ ಹೋದ ಕಡೆ ಐದೇ ನಿಮಿಷ ನೋಡಿದರು. "ಚರ್ಮ ಜಾಸ್ತಿಯಾಗಿದೆ, ಎರಡೂ ಕಡೆ ತೆಗೆಯೋಣ." ಇದಕ್ಕೆ ಬ್ಲೆಫರೋಪ್ಲಾಸ್ಟಿ ಅಂತ ಹೆಸರು. ಕೈಕೆಲಸದಲ್ಲಿ ತಪ್ಪು ಹೇಳಲಾರೆ. ಕೂರಿಸಿ ಪೆನ್ನಿನಲ್ಲಿ ಗೆರೆ ಎಳೆದರು. ಚಿಮುಟದಲ್ಲಿ ಚರ್ಮ ಹಿಡಿದು, ಎಷ್ಟು ಹಿಡಿದರೆ ರೆಪ್ಪೆಗೂದಲು ಮೇಲಕ್ಕೆ ತಿರುಗುತ್ತದೆ ಅಂತ ನೋಡಿದರು. ಹುಬ್ಬಿನಿಂದ ರೆಪ್ಪೆಗೂದಲಿನವರೆಗೆ ಸುಮಾರು 20 ಮಿ.ಮೀ. ಚರ್ಮ ಉಳಿಸಬೇಕಂತೆ, ಆಸೆಬಿದ್ದು ಜಾಸ್ತಿ ಕತ್ತರಿಸಿದರೆ ಕಣ್ಣು ಮುಚ್ಚುವುದಿಲ್ಲ. ಇಂಜೆಕ್ಷನ್ ಚುರ್ ಅಂದಿತು, ಆಮೇಲೆ ನೋವಿಲ್ಲ. ರಕ್ತನಾಳ ಸುಡುವಾಗ ಬಂದ ಕಮಟು ವಾಸನೆ ಮಾತ್ರ ಇನ್ನೂ ಮೂಗಿನಲ್ಲಿದೆ. ಎರಡು ದಿನ ಐಸು, ತಲೆಗೆ ಎರಡು ದಿಂಬು. ಮೂರನೇ ದಿನ ಕಣ್ಣಿನ ಸುತ್ತ ನೇರಳೆ ಹಣ್ಣು ತಿಕ್ಕಿದ ಬಣ್ಣ. ಏಳನೇ ದಿನ ಹೊಲಿಗೆ ತೆಗೆದರು.

ಬಲಗಣ್ಣು ಹೊಸದಾದ ಹಾಗಾಯಿತು. ಗಾಯದ ಗೆರೆ ರೆಪ್ಪೆಯ ಮಡಿಕೆಯೊಳಗೆ ಅಡಗಿತು. ಎಡಗಣ್ಣು? ಚರ್ಮ ಹೋಯಿತು, ಅಂಚು ಇದ್ದಲ್ಲೇ ಇತ್ತು. ಮೊದಲು ಎರಡೂ ಜೋತಿದ್ದವು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಒಂದೇ ಜೋತಿರುವುದು ಎದ್ದು ಕಾಣತೊಡಗಿತು. ಕೇಳಿದರೆ "ಊತ ಇಳಿದ ಮೇಲೆ ಸರಿಹೋಗುತ್ತದೆ" ಅಂದರು. ಐದು ತಿಂಗಳು ಕಾದೆ. ಇಳಿಯಲು ಊತವೇ ಇರಲಿಲ್ಲ.

ಆಮೇಲೆ ದೇವಿಮನೆ ಘಾಟಿ ಇಳಿದು, ಕುಮಟಾದಲ್ಲಿ ರೈಲು ಹತ್ತಿ, ದಕ್ಷಿಣದ ಕಡೆ ಇನ್ನೊಂದು ಆಸ್ಪತ್ರೆಗೆ ಹೋದೆ. ಅಲ್ಲಿ ನೋಡುವುದಕ್ಕೇ ಅರ್ಧ ದಿನ ಹಿಡಿಯಿತು. ನಾನು ಹುಬ್ಬು ಎತ್ತಿ ಮೋಸ ಮಾಡದ ಹಾಗೆ ಹಣೆಯನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದರು. ಟಾರ್ಚ್ ಬಿಟ್ಟು, ಪಾಪೆಯ ಮೇಲೆ ಬೀಳುವ ಬೆಳಕಿನ ಚುಕ್ಕೆಯಿಂದ ರೆಪ್ಪೆಯಂಚಿಗೆ ಸ್ಕೇಲು ಹಿಡಿದರು. ಸಾಮಾನ್ಯವಾಗಿ 4ರಿಂದ 5 ಮಿ.ಮೀ. ಇರಬೇಕು. ನನ್ನ ಎಡಗಣ್ಣಿನದು ಒಂದೂವರೆ. ಕೈಗವಸಿಗೆ ಐಸು ತುಂಬಿ ರೆಪ್ಪೆ ಮೇಲೆ ಎರಡು ನಿಮಿಷ ಇಟ್ಟರು. ತಂಪಿಗೆ ರೆಪ್ಪೆ ಮೇಲೆದ್ದರೆ ಮಯಸ್ತೇನಿಯಾ ಅನ್ನುವ ಬೇರೆಯದೇ ಕಾಯಿಲೆ ಇರಬಹುದು, ಅದಕ್ಕೆ ಮೊದಲು ಔಷಧಿ. ನನ್ನದು ಕದಲಲಿಲ್ಲ. ಕೊನೆಗೆ ಎಡಗಣ್ಣಿಗೆ, ಅದೇ ಮುಲ್ಲರ್ ಸ್ನಾಯುವನ್ನು ಬಿಗಿ ಮಾಡುವ ಫಿನೈಲೆಫ್ರಿನ್ ಹನಿ ಬಿಟ್ಟು ಕೂರಿಸಿದರು. ಹತ್ತು ನಿಮಿಷಕ್ಕೆ ಕನ್ನಡಿ ಕೊಟ್ಟರು. ಎಡಗಣ್ಣು ತೆರೆದಿತ್ತು! ಜೊತೆಗೆ ಬಲರೆಪ್ಪೆ ಒಂದು ಚೂರು ಇಳಿದಿತ್ತು. ಎರಡೂ ರೆಪ್ಪೆಗೆ ಮಿದುಳಿನಿಂದ ಬರುವ ಅಪ್ಪಣೆ ಒಂದೇ. ಇಳಿದದ್ದನ್ನು ಎತ್ತಲು ಅದು ಎರಡಕ್ಕೂ ಜೋರು ಕೊಡುತ್ತಿರುತ್ತದೆ. ಒಂದು ಎದ್ದರೆ ಆ ಜೋರು ಕಡಿಮೆಯಾಗಿ ಇನ್ನೊಂದು ಇಳಿಯುತ್ತದೆ. ಇದನ್ನು ಮೊದಲೇ ತೋರಿಸಿದ್ದರಿಂದ ಆಮೇಲೆ ಗಾಬರಿಯಾಗಲಿಲ್ಲ.

ಹನಿಗೆ ರೆಪ್ಪೆ ಎದ್ದದ್ದರಿಂದ ಒಳಗಡೆಯಿಂದಲೇ ಮುಲ್ಲರ್ ಸ್ನಾಯುವನ್ನು ಗಿಡ್ಡ ಮಾಡಿದರು. ಏಳದಿದ್ದರೆ ಹೊರಗಿನಿಂದ ದೊಡ್ಡ ಸ್ನಾಯುವನ್ನು ಬಿಗಿಯಬೇಕಾಗುತ್ತಿತ್ತಂತೆ. ಹೊರಗೆ ಹೊಸ ಗಾಯವಿಲ್ಲ. ಆದರೆ ಒಂದು ವಾರ ಕಣ್ಣಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ. ಅದು ಚರ್ಮದ ಆಪರೇಷನ್ನಿಗಿಂತ ಜಾಸ್ತಿ ಕಾಡಿತು.

ಬರೀ ಮಡಿಕೆ ಇದ್ದವರಿಗೆ ಚರ್ಮ ತೆಗೆಸುವುದಕ್ಕೆ ಸಮನಾದದ್ದು ನನಗೆ ಕಾಣಲಿಲ್ಲ. ಅಂಚು ಇಳಿದಿದ್ದರೆ ಸ್ನಾಯುವಿನದೇ ಆಗಬೇಕು. ಎರಡೂ ಇದ್ದರೆ ಒಂದೇ ಸಲ ಮಾಡಲು ಆಗುತ್ತದಾ ಅಂತ ಕೇಳಿ. ನಾನು ಕೇಳಲಿಲ್ಲ, ಎರಡು ಸಲ ಮಲಗಿದೆ. ವಿಮೆಯವರು ಇದನ್ನು ಚಂದಕ್ಕೆ ಮಾಡಿಸಿದ್ದು ಅನ್ನುವ ಸಂಭವ ಹೆಚ್ಚು. ಟೇಪು ಹಾಕದೆ ಒಮ್ಮೆ, ಹಾಕಿ ಒಮ್ಮೆ ಮಾಡಿದ ದೃಷ್ಟಿಕ್ಷೇತ್ರದ (ಸುತ್ತ ಎಷ್ಟು ಕಾಣುತ್ತದೆ ಅನ್ನುವ) ಪರೀಕ್ಷೆಯ ಕಾಗದ, ಫೋಟೋ ಇಟ್ಟುಕೊಳ್ಳಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಕೋಸ್ಪ್ರಿನ್ ತರಹದ ಮಾತ್ರೆ ಇದ್ದರೆ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಶಿರಸಿಯಿಂದ ಹೋಗುವವರಿಗೆ ಮತ್ತೊಂದು. ಆಪರೇಷನ್ ಆದ ದಿನವೇ ಮನೆಗೆ ಕಳಿಸುತ್ತಾರೆ, ಅವತ್ತೇ ಬರಬೇಡಿ. ಅಪರೂಪಕ್ಕೆ ಕಣ್ಣಿನ ಹಿಂದೆ ರಕ್ತ ಕಟ್ಟುತ್ತದೆ: ಒಂದೇ ಕಣ್ಣಿಗೆ ಜೋರು ನೋವು, ಗುಡ್ಡೆ ಉಬ್ಬುವುದು, ದೃಷ್ಟಿ ಮಬ್ಬಾಗುವುದು. ಆಗ ಕೂಡಲೇ ಆಸ್ಪತ್ರೆ ಮುಟ್ಟಬೇಕು. ಹುಬ್ಬಳ್ಳಿಗೆ ಸುಮಾರು 100 ಕಿ.ಮೀ. ಇರುವ ನಾವು ಮೊದಲ ರಾತ್ರಿ ಅಲ್ಲೇ ಲಾಡ್ಜ್ ಮಾಡುವುದು ಒಳ್ಳೆಯದು. ಹಾಗೇ, ರೆಪ್ಪೆ ದಿಢೀರ್ ಅಂತ ಇಳಿದು ಎರಡೆರಡು ಕಂಡರೆ, ಅಥವಾ ಎರಡು ಪಾಪೆಗಳ ಗಾತ್ರ ಬೇರೆಯಾದರೆ, ಈ ಟೇಪು ಹನಿ ಲೆಕ್ಕವೆಲ್ಲ ಬಿಟ್ಟು ಆಗಿಂದಾಗಲೇ ಆಸ್ಪತ್ರೆಗೆ ಓಡಿ.

ಕಳೆದ ವಾರ ಅಕ್ಕ ಬಂದಿದ್ದಳು. "ನಂದೂ ನಿನ್ನ ತರಹವೇ ಆಗಿದೆ ನೋಡೋ" ಅಂದಳು. ಅಂಗಳದ ಬೆಳಕಿಗೆ ಕೂರಿಸಿ, ಹಣೆ ಒತ್ತಿ ಹಿಡಿದು, ಮಡಿಕೆ ಎತ್ತಿ ನೋಡಿದೆ. ಅಂಚು ಎರಡೂ ಕಡೆ ಜಾಗದಲ್ಲೇ ಇದೆ ಅನ್ನಿಸಿತು. ಡಾಕ್ಟರಿಗೆ ತೋರಿಸು ಅಂತ ಹೇಳಿ, ಡ್ರಾಯರಿನಲ್ಲಿ ಉಳಿದಿದ್ದ ಟೇಪಿನ ಡಬ್ಬಿ ಕೊಟ್ಟು ಕಳಿಸಿದೆ.