ಬೋಲ್ಟು-ನಟ್ಟಿಗೆ ಸಪ್ಲೈಯರ್ ನಡೆಸುವ ಕಾನ್‌ಬನ್: ನಾಲ್ಕನೇ ವರ್ಷದಲ್ಲಿ ನಿಂತು ಬರೆದ ವಿಮರ್ಶೆ

ಬಿನ್ (ಡಬ್ಬ) ಖಾಲಿಯಾದಾಗ ಅದರ ಕಾರ್ಡಿನ ಸೂಚನೆಯ ಮೇಲೆಯೇ ಮತ್ತೆ ತುಂಬಿಸುವ ಪದ್ಧತಿಗೆ ಕಾನ್‌ಬನ್ ಎನ್ನುತ್ತಾರೆ. ಅದಕ್ಕೆ ನನ್ನದು ಐದಕ್ಕೆ ನಾಲ್ಕು ಅಂಕ. ಕಡಿಮೆಯಾದ ಒಂದರಲ್ಲಿ ಅರ್ಧ ಸಪ್ಲೈಯರ್ ಪಾಲು, ಇನ್ನರ್ಧ ನಮ್ಮದೇ ತಿಂಗಳ ಕೊನೆಯ ಡಿಸ್ಪ್ಯಾಚ್ ಪಾಲು.

ನಮ್ಮದು ಪೀಣ್ಯದಲ್ಲಿ ಗೇರ್‌ಬಾಕ್ಸ್ ಜೋಡಿಸುವ ಮಧ್ಯಮ ಗಾತ್ರದ ಘಟಕ. ಹೌಸಿಂಗ್, ಶಾಫ್ಟ್, ಗೇರುಗಳನ್ನು ನಾವೇ ಲೆಕ್ಕ ಹಾಕಿ ತರಿಸುತ್ತೇವೆ. ಬೋಲ್ಟು, ನಟ್ಟು, ವಾಷರ್, ಡೋವೆಲ್ ಪಿನ್, ಸರ್ಕ್ಲಿಪ್, ಗ್ರೀಸ್ ನಿಪ್ಪಲ್ ಹೀಗೆ ಬೆಲೆ ಕಡಿಮೆ, ಸಂಖ್ಯೆ ಹೆಚ್ಚು ಇರುವ ‘ಸಿ’ ಗುಂಪಿಗೆ ಬೀಳುವ ಮುನ್ನೂರರ ಆಸುಪಾಸಿನ ಐಟಂಗಳನ್ನು ಮಾತ್ರ ಒಬ್ಬ ಫಾಸ್ಟನರ್ ವಿತರಕರಿಗೆ ವಹಿಸಿದ್ದೇವೆ. ಲೈನ್ ಪಕ್ಕದ ರ‍್ಯಾಕು ಅವರದು, ಬಿನ್ನು ಅವರದು, ತುಂಬಿಸುವ ಹುಡುಗನೂ ಅವರ ಕಡೆಯವನೇ.

ಕೆಲಸ ನಡೆಯುವ ರೀತಿ ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇಟ್ಟುಕೊಂಡ ಹಾಗೆ. ಒಂದೊಂದು ಐಟಂಗೆ ಎರಡೆರಡು ಬಿನ್, ಒಂದರ ಹಿಂದೆ ಒಂದು. ಮುಂದಿನದು ಖಾಲಿಯಾದರೆ ಫಿಟ್ಟರ್ ಅದನ್ನು ಮೇಲಿನ ಹಲಗೆಗೆ ಇಟ್ಟು ಹಿಂದಿನದನ್ನು ಮುಂದಕ್ಕೆ ಎಳೆದುಕೊಳ್ಳುತ್ತಾನೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹುಡುಗ ಬಂದು ಖಾಲಿ ಬಿನ್‌ಗಳ ಕಾರ್ಡು ಸ್ಕ್ಯಾನ್ ಮಾಡಿ ತೆಗೆದುಕೊಂಡು ಹೋಗುತ್ತಾನೆ, ಮುಂದಿನ ಸಲ ಬರುವಾಗ ತುಂಬಿಸಿ ತರುತ್ತಾನೆ. ಇಂಡೆಂಟ್ (ಬೇಡಿಕೆ ಚೀಟಿ) ಇಲ್ಲ, ಐಟಂಗೊಂದು ಪಿ.ಒ. (ಖರೀದಿ ಆದೇಶ) ಇಲ್ಲ. ತಿಂಗಳಿಗೆ ಒಂದೇ ಬಿಲ್ಲು.

ಹಿಂದೆ ಇನ್ನೂರು ರೂಪಾಯಿಯ ಸ್ಪ್ರಿಂಗ್ ವಾಷರ್ ತರಿಸಲೂ ಇಂಡೆಂಟ್, ಮೂರು ಕೊಟೇಷನ್, ಪಿ.ಒ., ಗೇಟ್ ಎಂಟ್ರಿ, ಜಿ.ಆರ್.ಎನ್. (ಮಾಲು ಸ್ವೀಕರಿಸಿದ ಚೀಟಿ), ಇನ್‌ಸ್ಪೆಕ್ಷನ್, ಬಿಲ್ ತಾಳೆ ಎಲ್ಲವೂ ಆಗಬೇಕಿತ್ತು. ವಾಷರಿನ ಬೆಲೆಗಿಂತ ಅದರ ಕಾಗದದ ಬೆಲೆ ಹೆಚ್ಚು. ಇಷ್ಟಾದರೂ ಆ ವಾಷರ್ ಒಂದಕ್ಕಾಗಿ ಲೈನ್ ನಿಂತದ್ದುಂಟು. ಅಕೌಂಟ್ಸ್‌ನವರು ಈಗಲೂ ಬೆಂಗಳೂರಿನ ಹಾರ್ಡ್‌ವೇರ್ ಪೇಟೆಯಾದ ಎಸ್.ಪಿ. ರೋಡಿನ ದರಪಟ್ಟಿ ಹಿಡಿದುಕೊಂಡು ಬಂದು, “ಇವರು ಬೋಲ್ಟಿಗೆ ಜಾಸ್ತಿ ಹಾಕ್ತಿದಾರಲ್ಲ ಸಾರ್” ಅನ್ನುತ್ತಾರೆ. ಹಾಕುತ್ತಾರೆ, ಸುಳ್ಳಲ್ಲ. ವಾರಕ್ಕೆರಡು ಸಲ ಬರುವ ಹುಡುಗ, ರ‍್ಯಾಕು, ಬಿನ್ನು, ಎಣಿಕೆ ಎಲ್ಲದರ ಖರ್ಚು ಬೋಲ್ಟಿನ ದರದಲ್ಲೇ ಸೇರಿದೆ. ನಮ್ಮ ಸ್ಟೋರ್ಸ್‌ನಲ್ಲಿ ಇಬ್ಬರು ಬರೀ ಇದೇ ಕೆಲಸಕ್ಕೆ ಓಡಾಡುತ್ತಿದ್ದರು. ಈಗ ಅವರು ಕಿಟ್ಟಿಂಗ್, ಅಂದರೆ ಒಂದೊಂದು ಜೋಡಣೆಗೆ ಬೇಕಾದ ಭಾಗಗಳನ್ನು ಒಟ್ಟುಮಾಡಿಡುವ ಕೆಲಸ, ನೋಡಿಕೊಳ್ಳುತ್ತಿದ್ದಾರೆ. ದರದ ಜಗಳ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಮುಗಿಯದ ವಿಷಯ ಕಾರ್ಡಿನ ಮೇಲಿರುವ ಸಂಖ್ಯೆ. ಒಂದು ಬಿನ್‌ನಲ್ಲಿ ಎಷ್ಟು ಇರಬೇಕು?

ವಾರಕ್ಕೆರಡು ಸಲ ಬರುತ್ತಾರೆ ಅಂದರೆ ಮೂರು ದಿನದ ಮಾಲು ಸಾಕು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಸಾಲದು. ಶುಕ್ರವಾರ ಹುಡುಗ ಹೋದ ಅರ್ಧ ಗಂಟೆಗೆ ಬಿನ್ ಖಾಲಿಯಾಯಿತು ಎನ್ನಿ. ಅದು ಅವನ ಕಣ್ಣಿಗೆ ಬೀಳುವುದು ಮಂಗಳವಾರ, ತುಂಬಿ ಬರುವುದು ಮುಂದಿನ ಶುಕ್ರವಾರ. ನಡುವೆ ಆರು ಕೆಲಸದ ದಿನ. ಅಷ್ಟೂ ದಿನ ಹಿಂದಿನ ಬಿನ್ ಒಂದೇ ಲೈನನ್ನು ನಡೆಸಬೇಕು. ಎಂ8×25 ಬೋಲ್ಟು (8 ಮಿ.ಮೀ. ದಪ್ಪ, 25 ಮಿ.ಮೀ. ಉದ್ದ) ದಿನಕ್ಕೆ 400 ಖರ್ಚಾದರೆ ಆರು ದಿನಕ್ಕೆ 2,400, ಮೇಲೆ ಕಾಲು ಭಾಗ ಸುರಕ್ಷತೆಗೆ ಸೇರಿಸಿದರೆ 3,000. ಇದು ಒಂದು ಬಿನ್ನಿನ ಅಳತೆ, ಎರಡರದ್ದಲ್ಲ. ಹೊಸದಾಗಿ ಈ ಸೇವೆ ತೆಗೆದುಕೊಳ್ಳುವವರು ಸಪ್ಲೈಯರ್ ಕೊಡುವ ಪಟ್ಟಿಗೆ ಸಹಿ ಹಾಕುವ ಮೊದಲು ಓಡಾಟ ಹೆಚ್ಚಿರುವ ಹತ್ತು ಐಟಂಗಳನ್ನಾದರೂ ತಾವೇ ಕೂತು ಹೀಗೆ ಲೆಕ್ಕ ಹಾಕಬೇಕು.

ಲೆಕ್ಕ ಸರಿಯಿದ್ದರೂ ನಮ್ಮಲ್ಲಿ ಕೈಕೊಡುವುದು ತಿಂಗಳ ಕೊನೆಯಲ್ಲಿ. ಮೊದಲ ಹದಿನೈದು ದಿನ ಕಾಸ್ಟಿಂಗ್ ಬರಲಿಲ್ಲ, ಗೇರು ಹೀಟ್ ಟ್ರೀಟ್‌ಮೆಂಟ್‌ನಲ್ಲಿದೆ ಎಂದು ಲೈನ್ ಕುಂಟುತ್ತದೆ. ಇಪ್ಪತ್ತರ ಮೇಲೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ, ಓವರ್‌ಟೈಮ್ ಶುರು. ದಿನಕ್ಕೆ 400 ಇದ್ದ ಬೋಲ್ಟು 900ಕ್ಕೆ ಏರಿದರೆ ಆರು ದಿನಕ್ಕೆ 5,400 ಬೇಕು. 3,000ದ ಬಿನ್ ನಾಲ್ಕನೇ ದಿನವೇ ತಳ ತೋರಿಸುತ್ತದೆ. ಆಗ ಫೋನ್, ಆಗ ಹುಡುಗನ ಮೇಲೆ ರೇಗಾಟ. ಟೊಯೋಟಾದಲ್ಲಿ ತಾಯಿಚಿ ಓನೋ ಈ ಪದ್ಧತಿಯನ್ನು ಬೆಳೆಸಿದಾಗ ಅದರ ಜೊತೆಯಲ್ಲೇ ದಿನದ ಉತ್ಪಾದನೆಯನ್ನು ಸಮನಾಗಿ ಹಂಚುವ ಶಿಸ್ತೂ ಇತ್ತು, ಅವರು ಅದನ್ನು ಹೈಜುಂಕಾ ಅನ್ನುತ್ತಾರೆ. ನಾವು ಕಾರ್ಡನ್ನು ತಂದುಕೊಂಡೆವು, ಶಿಸ್ತನ್ನು ಅಲ್ಲೇ ಬಿಟ್ಟೆವು. ಇದಕ್ಕೆ ಸಪ್ಲೈಯರ್‌ನನ್ನು ಬೈದು ಪ್ರಯೋಜನವಿಲ್ಲ. ಈಗ ಮಾಡಿಕೊಂಡಿರುವ ಏರ್ಪಾಡು ಇಷ್ಟೇ: ಓಡಾಟ ಹೆಚ್ಚಿರುವ ಐಟಂಗಳಿಗೆ ತಿಂಗಳ ಮೂರನೇ ವಾರ ಕೆಂಪು ಕಾರ್ಡಿನ ಮೂರನೇ ಬಿನ್ ಇಳಿಸುತ್ತಾರೆ, ಹೊಸ ತಿಂಗಳ ಮೊದಲ ವಾರ ಎತ್ತಿಕೊಂಡು ಹೋಗುತ್ತಾರೆ. ಆಯುಧಪೂಜೆಯ ವಾರಕ್ಕೂ ಇದೇ ವ್ಯವಸ್ಥೆ, ಯಾಕೆಂದರೆ ಆಗ ಅವರ ಗೋಡೌನಿಗೂ ಬೀಗ, ವ್ಯಾನಿಗೂ ಬಾಳೆಕಂದು.

ಫಿಟ್ಟರ್‌ಗಳು ನಂಬಲು ಹೆಚ್ಚು ಸಮಯ ಬೇಕಾಯಿತು. ಶುರುವಿನಲ್ಲಿ ಎಲ್ಲರ ಡ್ರಾಯರ್‌ನಲ್ಲೂ ಹಿಡಿಹಿಡಿ ಬೋಲ್ಟು ಅಡಗಿರುತ್ತಿತ್ತು. ಕೇಳಿದರೆ ಒಬ್ಬ ಹಿರಿಯ ಫಿಟ್ಟರ್, “ಬಿನ್ ತುಂಬಿರುತ್ತೆ ಅಂತ ನಂಬ್ಕೊಂಡ್ ಕೂತ್ರೆ ಸಾಯಂಕಾಲ ಟಾರ್ಗೆಟ್ ನೀವ್ ಕೊಡ್ತೀರಾ ಸಾರ್?” ಎಂದ. ನ್ಯಾಯವಾದ ಮಾತು. ಮೊದಲ ವರ್ಷ ಕಳೆದ ಮೇಲೆ ಡ್ರಾಯರ್‌ಗಳು ತಾವಾಗಿ ಖಾಲಿಯಾದವು. ಎರಡೂ ಬಿನ್‌ಗೆ ಒಟ್ಟಿಗೆ ಕೈ ಹಾಕುವ ಚಾಳಿ ಮಾತ್ರ ರಾತ್ರಿ ಶಿಫ್ಟ್‌ನಲ್ಲಿ ಇನ್ನೂ ಇದೆ. ಎರಡೂ ಅರ್ಧರ್ಧ ಉಳಿದರೆ ಯಾವುದೂ ಮೇಲಿನ ಹಲಗೆಗೆ ಹೋಗುವುದಿಲ್ಲ, ಹುಡುಗನಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಸಪ್ಲೈಯರ್ ಪಾಲಿನ ಅರ್ಧ ಅಂಕ ಯಾಕೆ ಹೋಯಿತು ಅಂದರೆ ಎಂ10 ಬೋಲ್ಟಿಗೆ. ಜರ್ಮನ್ ಮಾನದಂಡ ಡಿನ್ 933 ಪ್ರಕಾರದ ಎಂ10 ಷಟ್ಕೋನ ತಲೆಗೆ 17 ಮಿ.ಮೀ. ಸ್ಪ್ಯಾನರ್ ಬೇಕು, ಅಂತರರಾಷ್ಟ್ರೀಯ ಮಾನದಂಡ ಐ.ಎಸ್.ಒ. 4017 ಪ್ರಕಾರದ್ದಕ್ಕೆ 16ರದ್ದು. ಎಂ12ರಲ್ಲೂ ಹೀಗೇ, 19 ಮತ್ತು 18. ಎಂ8ರಲ್ಲಿ ಎರಡಕ್ಕೂ 13, ಆದ್ದರಿಂದ ಅಲ್ಲಿ ಗೊತ್ತೇ ಆಗುವುದಿಲ್ಲ. ನಮ್ಮ ನ್ಯೂಮ್ಯಾಟಿಕ್ ಗನ್ನಿಗೆ 17ರ ಸಾಕೆಟ್ ಹಾಕಿದ್ದಾಗ ಬಿನ್‌ನಲ್ಲಿ 16ರ ತಲೆಯ ಬೋಲ್ಟು ಬಂದು ಕೂತಿತ್ತು. ತಯಾರಕರನ್ನು ಬದಲಿಸಿದ್ದನ್ನು ಸಪ್ಲೈಯರ್ ನಮಗೆ ಹೇಳಿರಲಿಲ್ಲ. ಒಂದು ಶಿಫ್ಟ್ ಪೂರ್ತಿ ತಲೆಯ ಮೂಲೆಗಳು ಸವೆದ ಬೋಲ್ಟುಗಳನ್ನು ಬಿಚ್ಚುವುದರಲ್ಲೇ ಹೋಯಿತು. ಎಳೆತದ ಬಲದಲ್ಲಿ ಯಾವ ದೋಷವೂ ಇರಲಿಲ್ಲ, ಬಲದ ಗ್ರೇಡ್ 8.8 ಎಂದು ತಲೆಯ ಮೇಲೆ ಇತ್ತು. ಆದರೆ ಮಾಲು ಬಂದಾಗ ತೆರೆದು ನೋಡುವ ಇನ್‌ಸ್ಪೆಕ್ಷನ್ನನ್ನು ಈ ಸೇವೆಗೆಂದೇ ತೆಗೆದುಹಾಕಿದ್ದರಿಂದ ತಡೆಯಲು ನಡುವೆ ಯಾರೂ ಇರಲಿಲ್ಲ. ಈಗ ಲೇಬಲ್ ಮೇಲೆ ಅಳತೆ, ಗ್ರೇಡ್ ಜೊತೆಗೆ ಮಾನದಂಡದ ಸಂಖ್ಯೆಯೂ ಕಡ್ಡಾಯ. ತಯಾರಕರು ಬದಲಾದರೆ ಮೊದಲು ಪತ್ರ, ಆಮೇಲೆ ಮಾಲು.

8.8ಕ್ಕಿಂತ ಬಲವಾದ 12.9 ಗ್ರೇಡಿನ ಅಲೆನ್ ಬೋಲ್ಟಿನ ವಿಷಯದಲ್ಲಿ ನಾನು ಇನ್ನೂ ಬಿಗಿ. ಉಳಿದ ಹಳೆಯ ಬೋಲ್ಟಿನ ಮೇಲೆ ಹೊಸದನ್ನು ಸುರಿಯುವಂತಿಲ್ಲ, ಬಿನ್ನನ್ನೇ ಬದಲಿಸಬೇಕು. ಸುರಿದರೆ ಯಾವ ಬ್ಯಾಚಿನ ಬೋಲ್ಟು ಯಾವ ಗೇರ್‌ಬಾಕ್ಸಿಗೆ ಹೋಯಿತು ಎಂದು ಹುಡುಕುವ ದಾರಿ ಮುಚ್ಚಿಹೋಗುತ್ತದೆ. ಸತು ಲೇಪನದ 12.9 ಬೇಡವೇ ಬೇಡ ಎಂದಿದ್ದೇವೆ. ಅಷ್ಟು ಗಡಸು ಉಕ್ಕಿಗೆ ಎಲೆಕ್ಟ್ರೋಪ್ಲೇಟಿಂಗ್ ಮಾಡುವಾಗ ಒಳಸೇರುವ ಹೈಡ್ರೋಜನ್‌ನಿಂದ, ಬಿಗಿದು ಒಂದೆರಡು ದಿನವಾದ ಮೇಲೆ ಬೋಲ್ಟು ತಾನೇ ಬಿರುಕು ಬಿಡುವ ಅಪಾಯವಿದೆ. ಕಪ್ಪು ಫಿನಿಷ್ ಸಾಕು.

ಮಾಲಿನ ಒಡೆತನದ ಬಗ್ಗೆ ಒಂದು ಮಾತು. ನಮ್ಮ ಒಪ್ಪಂದದಲ್ಲಿ ಬಿನ್ ತುಂಬಿದ ಕ್ಷಣ ಮಾಲು ನಮ್ಮದು. ಹಾಗಾಗಿ ಕಾರ್ಡಿನ ಸಂಖ್ಯೆ ಏರಿದರೆ ಸಪ್ಲೈಯರ್‌ಗೆ ಲಾಭ, ಇಳಿದರೆ ನಷ್ಟ. ಏರಿಸುವ ಸಲಹೆ ಅವರಿಂದ ಆಗಾಗ ಬರುತ್ತದೆ, ಇಳಿಸುವ ಸಲಹೆ ಈವರೆಗೂ ಬಂದಿಲ್ಲ! ಆದರೆ ಪ್ರತಿ ಸ್ಕ್ಯಾನಿನ ದಿನಾಂಕ ಅವರ ಬಳಿ ಇರುತ್ತದೆ, ಕೇಳಿದರೆ ಎಕ್ಸೆಲ್‌ನಲ್ಲಿ ಕೊಡುತ್ತಾರೆ. ಮೂರು ತಿಂಗಳಿಗೊಮ್ಮೆ ಅದನ್ನು ತೆಗೆದು, ಒಮ್ಮೆಯೂ ಸ್ಕ್ಯಾನ್ ಆಗದ ಕಾರ್ಡುಗಳನ್ನು ಬೇರ್ಪಡಿಸುತ್ತೇನೆ. ವಿನ್ಯಾಸ ಬದಲಾಗಿ ಬಳಕೆಯೇ ನಿಂತ ಐಟಂಗಳು ರ‍್ಯಾಕಿನಲ್ಲಿ ಧೂಳು ಹಿಡಿದು ಕೂತಿರುವುದು ಆಗಲೇ ಬೆಳಕಿಗೆ ಬರುವುದು.

ತೂಕ ಅಳೆದು ತಾನೇ ಆರ್ಡರ್ ಕಳಿಸುವ ಬಿನ್‌ಗಳೂ ಮಾರುಕಟ್ಟೆಯಲ್ಲಿವೆ. ಡೆಮೊ ನೋಡಿದೆ, ಚೆನ್ನಾಗಿದೆ. ಹುಡುಗ ಬರುವುದಕ್ಕೆ ಮೊದಲೇ ಖಾಲಿಯಾದದ್ದು ತಿಳಿಯುವುದರಿಂದ ಮೇಲೆ ಹೇಳಿದ ಆರು ದಿನ ಮೂರಕ್ಕೆ ಇಳಿಯಬಹುದು. ಎಂ8 ಬೋಲ್ಟಿನ ಮಾಲನ್ನು ಅರ್ಧ ಮಾಡಿ ಉಳಿಯುವ ದುಡ್ಡು ಆ ಸೆನ್ಸರಿನ ಬಾಡಿಗೆಗೆ ಸಾಲದು, ಅದಕ್ಕೇ ಬೇಡವೆಂದೆವು.

ಈ ವರ್ಷ ಒಪ್ಪಂದ ನವೀಕರಿಸಿದ್ದೇವೆ. ಹೊಸದಾಗಿ ಸೇರಿಸಿದ ಷರತ್ತು ಒಂದು: ಯಾವುದೇ ಮಾಡೆಲ್ ನಿಂತರೆ ಆ ಐಟಂನ ಎರಡು ಬಿನ್ ಮಾಲಿನ ಹೊಣೆ ಮಾತ್ರ ನಮ್ಮದು, ಅವರ ಗೋಡೌನಿನಲ್ಲಿ ಇರುವುದು ಅವರದು. ಬೇರಿಂಗ್, ಆಯಿಲ್ ಸೀಲನ್ನೂ ತಮಗೇ ಕೊಡಿ ಎಂದು ಕೇಳಿದರು, ಕೊಡಲಿಲ್ಲ. ಬೇರಿಂಗ್‌ನಲ್ಲಿ ನಕಲಿ ಮಾಲಿನ ಕಾಟ, ಹಾಗಾಗಿ ಪೆಟ್ಟಿಗೆ ಪೆಟ್ಟಿಗೆಯನ್ನೂ ನಮ್ಮವರೇ ನೋಡಿ ಒಳಗೆ ತೆಗೆದುಕೊಳ್ಳಬೇಕು. ರಬ್ಬರಿನ ಸೀಲಿಗೆ ಆಯುಷ್ಯವಿದೆ, ಹಳೆಯದು ಹಿಂದಿನ ಬಿನ್‌ನಲ್ಲೇ ಉಳಿದು ಗಟ್ಟಿಯಾದರೆ ಎಣ್ಣೆ ಸೋರುವುದು ಗಿರಾಕಿಯ ಮನೆಯಲ್ಲಿ. ಬೋಲ್ಟು, ನಟ್ಟು, ವಾಷರಿಗಾದರೆ ಕಣ್ಣುಮುಚ್ಚಿ ಶಿಫಾರಸು ಮಾಡುತ್ತೇನೆ, ಕಾರ್ಡಿನ ಸಂಖ್ಯೆ ತಿದ್ದುವ ಪೆನ್ನು ನಿಮ್ಮವರ ಕೈಯಲ್ಲೇ ಇರುವುದಾದರೆ.